ಕುತ್ತಿಗೆಯ ಅಳತೆ

ತುಲಾ ಸಂಕ್ರಮಣ ಕಳೆದ ಮಾರನೇ ದಿನ
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಬೀಗ.
ಹಳೇ ಬೀಜ ಮುಗಿದಿದೆ,
ಹೊಸದು ಗಿಡದಲ್ಲೇ ಇನ್ನೂ ಹಸಿರು.
ಮೆಷೀನು ಬಿಚ್ಚಿ ಎಣ್ಣೆ ಹಾಕುತ್ತಾರಂತೆ, ಒಂದು ತಿಂಗಳು.
ನನ್ನ ಬಿಚ್ಚಿ ಎಣ್ಣೆ ಹಾಕುವವರು ಯಾರು,
ನಾನೇ ಸೂಜಿ ಹಿಡಿದೆ.

ಹದಿನೇಳು ವರ್ಷ ಕಪ್ಪು ಬೀಜ ಹೆಕ್ಕಿದ ಕಣ್ಣು,
ರಜೆ ಎಂದರೆ ಕೇಳುವುದಿಲ್ಲ.
ಅಕ್ಕಿಯಲ್ಲಿ ಕಲ್ಲು, ಗೋಡೆಯಲ್ಲಿ ಇರುವೆ,
ನಾದಿನಿಯ ಮಾತಿನಲ್ಲಿ ಒಡಕು ಬೀಜ,
ಹೆಕ್ಕುತ್ತಲೇ ಇರುತ್ತದೆ.

ಬೈಲುಕುಪ್ಪೆಯಿಂದ ಉಣ್ಣೆ ತಂದೆ, ಮೂರು ಉಂಡೆ.
ಇಟ್ಟಿಗೆಯೂ ಅಲ್ಲದ ಕಿತ್ತಳೆಯೂ ಅಲ್ಲದ ಬಣ್ಣ.
ರೋಸ್ಲಿನ್ನಳ ಮೊಮ್ಮಗುವಿಗೆ ಟೊಪ್ಪಿ.
ಎರಡು ಸಲ ಬಿಚ್ಚಿ ಮೂರನೇ ಸಲ ಮುಗಿಸುವಷ್ಟರಲ್ಲಿ
ಮಗುವಿನ ತಲೆಯೇ ಮುಂದೆ ಹೋಗಿತ್ತು.
ಈಗ ಅದು ನಮ್ಮ ಕಾಫಿ ಪಾತ್ರೆಯ ಟೊಪ್ಪಿ.
ಬಿಸಿ ಚೆನ್ನಾಗಿ ನಿಲ್ಲುತ್ತದೆ.

ಜೊತೆಗೆ ಲೈಬ್ರರಿಯ ಪುಸ್ತಕ, ಮೊಣಕಾಲಿನ ಮೇಲೆ ತೆರೆದು,
ಪುಟ ಮಗುಚದಂತೆ ಕತ್ತರಿಯ ಭಾರ.
ಹನ್ನೆರಡನೇ ಪುಟಕ್ಕೆ ಅಳಲು ಕೂತವಳು
ನೂರ ತೊಂಬತ್ತರವರೆಗೆ ಏಳಲಿಲ್ಲ.
ಅವಳ ಅಳುವಿನಲ್ಲಿ ನನ್ನ ಹೊಲಿಗೆ ನೇರ ಬಂತು.
ಅವನು ಬಂದು ಕೈ ಹಿಡಿದಾಗ ಮಾತ್ರ ದಾರ ಗಂಟಾಯಿತು.
ಅಂಚಿನಲ್ಲಿ ಯಾರೋ ಪೆನ್ಸಿಲಲ್ಲಿ ಬರೆದಿದ್ದರು:
‘ಹೋಗಲಿ ಬಿಡೇ ಅವನನ್ನ.’
ಬರೆದವಳು ಯಾವ ಕೇರಿಯವಳೋ,
ಅವಳಿಗೊಂದು ಟೊಪ್ಪಿ ಹೆಣೆಯಬೇಕು.

ಇವರ ಸ್ವೆಟರಿನ ಮೊಣಕೈಗೆ ತೇಪೆ, ಆ ನಡುವೆ.
ಟಿವಿ ನೋಡುತ್ತಲೇ ಕೇಳಿದರು,
‘ಏನಾಯ್ತು ಅವಳಿಗೆ?’
ಯಾರಿಗೆ ಅಂದೆ.
‘ಏನಿಲ್ಲ’ ಅಂದರು.

ಆಮೇಲೆ ಕೊಲೆಯ ಪುಸ್ತಕ.
ಎಸ್ಟೇಟ್ ಬಂಗಲೆ, ಸತ್ತ ದೊರೆ, ಅನುಮಾನಕ್ಕೆ ಐದು ಮಂದಿ.
ದಿಂಬಿನ ಮೇಲೆ ಅಡ್ಡಹೊಲಿಗೆಯ ಗಿಳಿ,
ದಿನಕ್ಕೆರಡು ಅಧ್ಯಾಯ, ದಿನಕ್ಕೊಂದು ರೆಕ್ಕೆ ಸಾಲು.
ಅಡುಗೆಯವನು ಉಪ್ಪು ಮರೆತ ದಿನ ಕೊಕ್ಕು ಮುಗಿಸಿದೆ.
ಎಲ್ಲರನ್ನೂ ಹಜಾರಕ್ಕೆ ಕರೆಸಿ
ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡ.
ನೂರ ಎಪ್ಪತ್ತಾರು. ಮುಂದೆ ರಟ್ಟು.
ಗಿಳಿಗೆ ಕಣ್ಣು ಇಡಲು ಕೈ ಬರಲಿಲ್ಲ.

ಲೈಬ್ರರಿಯ ಬೆಳ್ಯಪ್ಪ ರಿಜಿಸ್ಟರಲ್ಲಿ ಬೆರಳಾಡಿಸಿದರು:
ನನಗಿಂತ ಮೊದಲು, ಟೈಲರ್ ಮೊಯ್ದು.

ಮೊಯ್ದುವಿನ ಅಂಗಡಿ, ಬಸ್ ಸ್ಟ್ಯಾಂಡಿನ ಹಿಂದೆ.
ಮೊಳೆಗೆ ಸಿಕ್ಕಿಸಿದ ಕಾಗದದ ಅಳತೆಗಳು,
ತೋಳು, ಕಾಲರು, ಕಂಕುಳು.
ಅದರಲ್ಲೊಂದು ನೂರ ಎಪ್ಪತ್ತೇಳು.
‘ಪೇಪರ್ ಗಟ್ಟಿ ಇತ್ತಕ್ಕಾ,’ ಅಂದ,
ಹೊಲಿಗೆಯಿಂದ ತಲೆ ಎತ್ತದೆ.
‘ಕೊಂದದ್ದು ನೀವೇ,’ ಎನ್ನುತ್ತಾ ಇನ್‌ಸ್ಪೆಕ್ಟರು
ತಿರುಗಿದ್ದು
ಅಲ್ಲಿಂದ ದುಂಡಗೆ ಕತ್ತರಿ ಆಡಿದೆ,
ಮುಂಗುತ್ತಿಗೆ, ಆರೂವರೆ ಇಂಚು.
ಹೆಸರು ಕಸದ ಬುಟ್ಟಿಗೆ ಹೋಗಿ ವರ್ಷವಾಯಿತಂತೆ.
ಓದಿದ್ದೆಯಾ ಅಂದೆ.
ಓದಿದ್ದೆ, ಮರೆತೆ, ಕುತ್ತಿಗೆ ಮಾತ್ರ ಸರಿ ಬಂತು ಅಂದ.

ನಾನು ಹಾಕಿದ್ದ ರವಿಕೆಯೂ ಅದೇ ಅಳತೆ.
ದಾರಿಯುದ್ದಕ್ಕೂ ನೋಡಿದೆ,
ಮೀನಂಗಡಿಯವಳು, ಬ್ಯಾಂಕಿನ ಮೇಡಂ,
ಅಂಗನವಾಡಿಯ ಟೀಚರು,
ಅರ್ಧ ಕುಶಾಲನಗರ ಆ ಖಾಲಿ ಜಾಗದಲ್ಲಿ
ತಲೆ ತೂರಿಸಿಕೊಂಡು ಓಡಾಡುತ್ತಿದೆ.
ಮನೆ ಬರುವವರೆಗೆ ನನ್ನ ಕೈ
ಕುತ್ತಿಗೆಯಲ್ಲೇ ಇತ್ತು.

ರಾತ್ರಿ ಗಿಳಿಗೆ ಕಣ್ಣಿಟ್ಟೆ,
ಕಪ್ಪು ದಾರ, ಒಂದೇ ಗಂಟು.
ಬೆಳಿಗ್ಗೆ ನೋಡಿದರೆ ಥೇಟ್ ಕಪ್ಪು ಬೀಜ.
ಹೆಕ್ಕಿ ಎಸೆಯಲು ಬೆರಳು ಹೋಗಿ ಹಿಂದೆ ಬಂತು.

ಬೀಗ ತೆಗೆದರು. ಮೇಜಿನ ಸುತ್ತ ನಾವು ಆರು ಮಂದಿ,
ನಡುವೆ ಹೊಸ ಬೀಜದ ಗುಡ್ಡೆ.
ಸೂಪರ್‌ವೈಸರ್ ಅತ್ತ ಹೋಗಲಿ ಎಂದು ಕಾದು
ಕಥೆ ಹೇಳಿದೆ, ಗಂಟಲು ಸರಿಮಾಡುವವರೆಗೆ.
ಸೆಲ್ವಿ ಅಡುಗೆಯವನು ಅಂದಳು, ಉಪ್ಪಿನ ಕಾರಣಕ್ಕೆ.
ಜುಬೈದಾಗೆ ದೊರೆಸಾನಿಯ ಮೇಲೇ ಕಣ್ಣು.
ಕುಸುಮ ಪುಸ್ತಕದಲ್ಲಿ ಇಲ್ಲದ ಒಬ್ಬ ತಮ್ಮನನ್ನು ಕರೆತಂದಳು,
ಅವನಿಗೆ ಸಾಲವಿತ್ತಂತೆ.
ಊಟದ ಗಂಟೆ ಹೊಡೆಯುವಾಗ
ಅನುಮಾನದವರು ಎಂಟಾಗಿದ್ದರು,
ನನ್ನ ತಟ್ಟೆಯಲ್ಲಿ ಒಳ್ಳೇ ಬೀಜದ ಜೊತೆ
ಕಪ್ಪು ನಾಲ್ಕು.